ಫೆಬ್ರುವರಿ 4ಕ್ಕೆ ಬಂದ ವಸಂತ: ವಿಜಯಪುರದ ಸೂಜಿ ಚಿಕಿತ್ಸಾ ಕೇಂದ್ರವೊಂದರಲ್ಲಿ ಆರು ವಾರ

ಸೂಜಿ ಚಿಕಿತ್ಸೆ, ಅಂದರೆ ಚೀನೀ ವೈದ್ಯದ ಅಕ್ಯುಪಂಕ್ಚರ್, ಕೊಡುವ ಆ ಕೇಂದ್ರದ ಗೋಡೆಗೆ ಅಂಟಿಸಿದ್ದ ಸಲಹೆಗಳ ಪಟ್ಟಿಯ ಪ್ರಕಾರ ವಿಜಯಪುರಕ್ಕೆ ವಸಂತ ಕಾಲಿಟ್ಟದ್ದು ಫೆಬ್ರುವರಿ 4ರಂದು. ಅಂದು ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಇನ್ನೂ ಮಾಘ ಮಾಸವಿತ್ತು, ಊರ ಹೊರಗಿನ ಎರೆಹೊಲಗಳಲ್ಲಿ ಬಿಳಿಜೋಳದ ತೆನೆ ಬಲಿತು ಕೊಯ್ಲಿಗೆ ಕಾಯುತ್ತಿತ್ತು, ಯುಗಾದಿಗೆ ಒಂದೂವರೆ ತಿಂಗಳು ಬಾಕಿಯಿತ್ತು. ಅದೇ ಪಟ್ಟಿಯ ಇನ್ನೊಂದು ಸಾಲು ಹೀಗಿತ್ತು: ‘ವಸಂತ ಬಂದಿತೆಂದು ಅವಸರದಿಂದ ಹತ್ತಿಯ ಜಾಕೆಟ್ ತೆಗೆಯಬೇಡಿ; ಕುತ್ತಿಗೆಗೆ ಶಾಲು ಸುತ್ತಿಕೊಂಡೇ ಹೊರಗೆ ಹೋಗಿ.’ ನಾನು ಅದನ್ನು ಓದುತ್ತಿದ್ದಾಗ ಮಧ್ಯಾಹ್ನ ಮೂರು ಗಂಟೆಯಾಗಿತ್ತು, ತಲೆಯ ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು, ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಟವೆಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಈ ಸೇವೆಯ ಬಗ್ಗೆ ನನಗೆ ಹೇಳಲಿಕ್ಕಿರುವ ಬಹುಪಾಲು ಆ ದೃಶ್ಯದಲ್ಲಿಯೇ ಇದೆ: ಒಳಗಿನ ವೈದ್ಯೆಯ ಕೈಗುಣ ಒಳ್ಳೆಯದು, ಹೊರಗಿನ ಗೋಡೆಯ ಪಟ್ಟಿ ಮಾತ್ರ ಬೇರೆ ಊರಿನದು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ವಯಸ್ಸು 51. ಪ್ರತಿ ವರ್ಷ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂದೊಡನೆ ನನ್ನ ಕುತ್ತಿಗೆ ಬಿಗಿಯುತ್ತದೆ, ಹಣೆಯ ಎರಡೂ ಬದಿ ಸಿಡಿಯತೊಡಗುತ್ತದೆ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಕಣ್ಣು ತುರಿಸುತ್ತದೆ, ಮತ್ತು ಮನೆಯವರ ಮಾತನ್ನು ನಂಬುವುದಾದರೆ ಸಿಟ್ಟು ಮೂಗಿನ ತುದಿಯಲ್ಲಿಯೇ ಕುಳಿತಿರುತ್ತದೆ. ಗುಳಿಗೆ ನುಂಗಿ ನುಂಗಿ ಬೇಸರವಾಗಿದ್ದುದರಿಂದ, ಸಹೋದ್ಯೋಗಿಯೊಬ್ಬರು ಹೇಳಿದ ಈ ಕೇಂದ್ರದ ‘ವಸಂತ ಆರೈಕೆ’ ಎಂಬ ಯೋಜನೆಗೆ ಹೆಸರು ಬರೆಸಿದೆ. ಆರು ವಾರಗಳಲ್ಲಿ ಎಂಟು ಸಲ ಸೂಜಿ ಚಿಕಿತ್ಸೆ, ಭಾನುವಾರ ಬೆಳಿಗ್ಗೆ ಒಂದು ಗಂಟೆಯ ವ್ಯಾಯಾಮ ತರಗತಿ, ಆಹಾರದ ಪಟ್ಟಿ, ಒಂದು ಪೊಟ್ಟಣ ಹೂವಿನ ಚಹಾ, ಎಲ್ಲ ಸೇರಿ 4,800 ರೂಪಾಯಿ, ಮುಂಗಡವಾಗಿ. ಮುಂದೆ ಬರುವ ದೂರುಗಳ ಕಾರಣದಿಂದ ಕೇಂದ್ರದ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ.

ಮೊದಲ ದಿನ ಕಾಯಿಸಿದ್ದು ಐವತ್ತು ನಿಮಿಷ. ಆ ಹೊತ್ತಿನಲ್ಲಿ ಗೋಡೆಯ ಮೇಲಿನ ಇನ್ನೊಂದು ವಸ್ತು ನನ್ನ ಗಮನ ಸೆಳೆಯಿತು, ಅದು ಡಾ. ದ್ವಾರಕಾನಾಥ ಕೋಟ್ನಿಸರ ಭಾವಚಿತ್ರ. ನಮ್ಮ ನೆರೆಯ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿ, 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ 1942ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡ ಆ ತರುಣನ ಚಿತ್ರ ಇಲ್ಲಿರುವುದು ಸಂತೋಷದ ಸಂಗತಿಯೇ. ಆದರೆ ಸೂಜಿ ವಿದ್ಯೆಯನ್ನು ಭಾರತಕ್ಕೆ ತಂದವರು ಅವರೇ ಎಂದು ಸ್ವಾಗತದ ಹುಡುಗ ಹೇಳುವುದು ಸರಿಯಲ್ಲ. ಕೋಟ್ನಿಸರು ಶಸ್ತ್ರವೈದ್ಯರು, ಅವರು ಮರಳಿ ಬರಲೇ ಇಲ್ಲ. ಅದೇ ತಂಡದಲ್ಲಿದ್ದ ಡಾ. ಬಿ. ಕೆ. ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಕೊಲ್ಕತ್ತೆಯಲ್ಲಿ ಆರಂಭಿಸಿದರು. ಹುಡುಗನಿಗೆ ಇದನ್ನು ಹೇಳಿದೆ. ‘ಹೌದೇನ್ರೀ ಟೀಚರ್’ ಎಂದು ನಕ್ಕು, ಮುಂದಿನ ರೋಗಿಗೂ ಹಳೆಯ ಕತೆಯನ್ನೇ ಹೇಳಿದ.

ಒಳಗಿದ್ದ ವೈದ್ಯೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದಲ್ಲಿ ಐದೂವರೆ ವರ್ಷದ ಪದವಿ ಪಡೆದವರು. ನಮ್ಮ ರಾಜ್ಯದಲ್ಲಿ ಆ ಪದವಿಯ ಪಠ್ಯದಲ್ಲಿಯೇ ಸೂಜಿ ಚಿಕಿತ್ಸೆಯೂ ಒಂದು ವಿಷಯ. ಪ್ರಮಾಣಪತ್ರ ಗೋಡೆಯ ಮೇಲಿತ್ತು, ನೋಂದಣಿ ಸಂಖ್ಯೆಯೂ ಕಾಣುವಂತಿತ್ತು. ಎರಡು ದಿನದ ಶಿಬಿರ ಮುಗಿಸಿ ಫಲಕ ಹಾಕಿಕೊಳ್ಳುವವರೂ ಇರುವುದರಿಂದ, ಈ ಚಿಕಿತ್ಸೆಗೆ ಹೋಗುವವರು ಮೊದಲು ನೋಡಬೇಕಾದದ್ದು ಇದನ್ನೇ. ಮೊದಲ ಭೇಟಿಯಲ್ಲಿ ಅವರು ನನಗಾಗಿ ಕೊಟ್ಟ ಸಮಯ ನಲವತ್ತು ನಿಮಿಷಕ್ಕೂ ಹೆಚ್ಚು. ಎರಡೂ ಮಣಿಕಟ್ಟುಗಳಲ್ಲಿ ಮೂರು ಮೂರು ಬೆರಳಿಟ್ಟು ನಾಡಿ ನೋಡಿದರು, ನಾಲಿಗೆ ಚಾಚಲು ಹೇಳಿ ಅದರ ಬದಿಗಳನ್ನು ಬೆಳಕಿನಲ್ಲಿ ಪರೀಕ್ಷಿಸಿದರು, ಮುಂದಿನ ಸಲ ಬರುವಾಗ ಚಹಾ ಕುಡಿದು, ಎಲೆಯಡಿಕೆ ಹಾಕಿಕೊಂಡು ಬರಬಾರದೆಂದರು. ನನ್ನ ಎಡ ಮಣಿಕಟ್ಟಿನಲ್ಲಿ ತಮ್ಮ ನಡುಬೆರಳಿನ ಕೆಳಗೆ ಸಿಗುವ ನಾಡಿ ಯಕೃತ್ತಿನದು, ಅಂದರೆ ಲಿವರಿನದೆಂದೂ, ನನ್ನದು ಬಿಲ್ಲಿನ ಹೆದೆ ಎಳೆದಂತೆ ಬಿಗಿಯಾಗಿದೆಯೆಂದೂ, ವಸಂತದಲ್ಲಿ ಸ್ವಲ್ಪ ಬಿಗಿ ಸಹಜವಾದರೂ ಇಷ್ಟು ಅಲ್ಲವೆಂದೂ ಹೇಳಿದರು. ರಕ್ತ ತೆಳುವಾಗಿಸುವ ಗುಳಿಗೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯಕ್ಕೆ ಪೇಸ್‌ಮೇಕರ್, ಎಲ್ಲವನ್ನೂ ಕೇಳಿ ಬರೆದುಕೊಂಡರು. ನನ್ನ ವಯಸ್ಸಿನ ಹೆಂಗಸಿಗೂ ಗರ್ಭಿಣಿಯೇ ಎಂದು ಕೇಳಿದ್ದು ಮೊದಲು ನಗು ತರಿಸಿತು. ಆದರೆ ಸೂಜಿ ಚುಚ್ಚುವ ಕೆಲವು ಬಿಂದುಗಳನ್ನು ಗರ್ಭಿಣಿಯರಲ್ಲಿ ಮುಟ್ಟಬಾರದೆಂಬ ನಿಯಮವಿರುವಾಗ ಎಲ್ಲರನ್ನೂ ಕೇಳುವುದೇ ಸರಿ.

‘ವಸಂತಕ್ಕೂ ಯಕೃತ್ತಿಗೂ ಏನು ಸಂಬಂಧ?’ ಎಂದು ಕೇಳಿದಾಗ ಅವರು ಕೊಟ್ಟ ವಿವರಣೆ ಚೊಕ್ಕಟವಾಗಿತ್ತು. ಚೀನೀ ವೈದ್ಯದಲ್ಲಿ ಐದು ತತ್ತ್ವಗಳು: ಮರ, ಬೆಂಕಿ, ಮಣ್ಣು, ಲೋಹ, ನೀರು. ವಸಂತವು ಮರದ ಕಾಲ. ಅದರ ದಿಕ್ಕು ಪೂರ್ವ, ಬಣ್ಣ ಹಸಿರು, ರುಚಿ ಹುಳಿ, ಅದರ ಉಪದ್ರವ ಗಾಳಿ, ಅದರ ಅಂಗಗಳು ಯಕೃತ್ತು ಮತ್ತು ಪಿತ್ತಕೋಶ, ಇಂದ್ರಿಯ ಕಣ್ಣು, ಭಾವ ಸಿಟ್ಟು. ಮರ ಚಿಗುರಿ ಮೇಲಕ್ಕೂ ಹೊರಕ್ಕೂ ಹಬ್ಬಬೇಕು. ಅದನ್ನು ತಡೆದರೆ ಒಳಗಿನ ಪ್ರಾಣಶಕ್ತಿ ಸಿಕ್ಕಿಕೊಂಡು ತಲೆಗೇರುತ್ತದೆ, ಸ್ನಾಯುರಜ್ಜುಗಳು ಬಿಗಿಯುತ್ತವೆ, ಕಣ್ಣು ಉರಿಯುತ್ತದೆ, ಸಿಟ್ಟು ಬರುತ್ತದೆ. ನನ್ನ ದೂರುಗಳ ಪಟ್ಟಿಯನ್ನೇ ಯಾರೋ ಎರಡು ಸಾವಿರ ವರ್ಷಗಳ ಹಿಂದೆ ಬರೆದಿಟ್ಟಂತೆ ಕಂಡಿತು. ಇಲ್ಲಿ ಒಂದು ಎಚ್ಚರವನ್ನು ಅವರೇ ಕೊಟ್ಟದ್ದು ನನಗೆ ಬಹಳ ಮೆಚ್ಚಿಗೆಯಾಯಿತು: ಈ ‘ಯಕೃತ್ತು’ ಎಂಬುದು ಚೀನೀ ವೈದ್ಯದ ಒಂದು ಕಲ್ಪನೆ, ದೇಹದ ಹಲವು ಕೆಲಸಗಳಿಗೆ ಇಟ್ಟ ಒಂದು ಹೆಸರು, ನಾವು ಜೀವಶಾಸ್ತ್ರದಲ್ಲಿ ಕಲಿಸುವ ಪಿತ್ತಜನಕಾಂಗಕ್ಕೆ ರೋಗವಿದೆ ಎಂದು ಇದರ ಅರ್ಥವಲ್ಲ, ಆ ಅನುಮಾನವಿದ್ದರೆ ರಕ್ತಪರೀಕ್ಷೆಯೇ ದಾರಿ. ಈ ಮಾತನ್ನು ನೆನಪಿಡಿ, ಹೊರಗಿನ ಕೌಂಟರಿನ ವಿಷಯಕ್ಕೆ ಬರುವಾಗ ಬೇಕಾಗುತ್ತದೆ.

ಸೂಜಿ ಚಿಕಿತ್ಸೆಯ ಬಗ್ಗೆ ನಮ್ಮಲ್ಲಿ ಇರುವ ಭಯ ಇಂಜೆಕ್ಷನ್ನಿನಿಂದ ಬಂದದ್ದು. ಇಲ್ಲಿ ಬಳಸಿದ ಸೂಜಿಯ ದಪ್ಪ 0.25 ಮಿಲಿಮೀಟರ್, ಪರೀಕ್ಷೆಗೆ ರಕ್ತ ತೆಗೆಯುವ ಸಾಮಾನ್ಯ ಸೂಜಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ, ಮತ್ತು ಅದು ಟೊಳ್ಳಲ್ಲ. ಪ್ರತಿ ಸಲವೂ ಮುಚ್ಚಿದ ಪೊಟ್ಟಣವನ್ನು ನನ್ನ ಕಣ್ಣೆದುರೇ ಹರಿದರು, ತೆಗೆದ ಸೂಜಿಗಳನ್ನು ಎಣಿಸಿ ಬಿಳಿಯ ಗಟ್ಟಿ ಡಬ್ಬಿಗೆ ಹಾಕಿದರು. ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ಎಲುಬುಗಳ ನಡುವೆ ಇರುವ ‘ತೈಚೊಂಗ್’, ಕೈಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ‘ಹೆಗು’, ತಲೆಬುರುಡೆಯ ಕೆಳಗೆ ಹೆಕ್ಕತ್ತಿನ ಎರಡೂ ಬದಿಯ ತಗ್ಗುಗಳಲ್ಲಿರುವ ‘ಫೆಂಗ್‌ಚಿ’, ಇವು ನನಗೆ ಪ್ರತಿ ಸಲ ಹಾಕಿದ ಬಿಂದುಗಳು. ಕೊನೆಯದರ ಅರ್ಥ ‘ಗಾಳಿಯ ಕೊಳ’ವಂತೆ, ವಸಂತದ ಗಾಳಿ ಹೊಕ್ಕುವ ಬಾಗಿಲು. ಬಿಂದುಗಳನ್ನು ಅಳೆಯುವ ಮಾನ ರೋಗಿಯ ಬೆರಳೇ. ಹೆಬ್ಬೆರಳಿನ ಅಗಲ ಒಂದು ಮಾನ, ನಾಲ್ಕು ಬೆರಳು ಸೇರಿಸಿದರೆ ಮೂರು ಮಾನ. ಬಡಿಗರು ಅಂಗುಲದ ಲೆಕ್ಕ ಹಿಡಿಯುವುದನ್ನು ನೋಡಿ ಬೆಳೆದ ನನಗೆ ಇದು ಹತ್ತಿರದ್ದೆನಿಸಿತು. ಚುಚ್ಚುವಾಗ ಇರುವೆ ಕಚ್ಚಿದಷ್ಟು. ಆಮೇಲೆ ಒಳಗೆ ಒಂದು ಭಾರ, ಜುಮ್ಮೆನ್ನುವ ಸೆಳೆತ. ಆ ಸೆಳೆತ ಬಂದಿತೇ ಎಂದು ಕೇಳಿ ಖಚಿತಪಡಿಸಿಕೊಂಡು ಇಪ್ಪತ್ತೈದು ನಿಮಿಷ ಹಾಗೆಯೇ ಬಿಡುತ್ತಿದ್ದರು. ಮೂರನೆಯ ಸಲ ನಾನು ಆ ಇಪ್ಪತ್ತೈದು ನಿಮಿಷ ಗೊರಕೆ ಹೊಡೆದೆನೆಂದು ಸಹಾಯಕಿ ವರದಿ ಮಾಡಿದಳು. ಐದನೆಯ ಸಲ ಎಡಗೈಯ ಮೇಲೆ ಕಾಳಿನಷ್ಟು ರಕ್ತ ಹೆಪ್ಪುಗಟ್ಟಿ ನೀಲಿಯಾಗಿತ್ತು, ನಾಲ್ಕು ದಿನದಲ್ಲಿ ಹೋಯಿತು. ಹಾಸಿಗೆಯ ಮೇಲಿನ ಬಟ್ಟೆಯನ್ನು ಮಾತ್ರ ಪ್ರತಿ ರೋಗಿಗೂ ಬದಲಿಸುತ್ತಿರಲಿಲ್ಲ. ಎರಡು ಸಲ ನಾನೇ ಕೇಳಿ ಬದಲಿಸಿಕೊಂಡೆ.

ಒಂದು ದಿನ ಬೆರಳಿನ ಗಾತ್ರದ ಹೊಗೆಬತ್ತಿಯನ್ನು ಹೊತ್ತಿಸಿ ಕುತ್ತಿಗೆಯ ಹತ್ತಿರ ಹಿಡಿದು ಶಾಖ ಕೊಟ್ಟರು. ಅದು ಗಣೇಶ ಚೌತಿಯ ಪೂಜೆಗೆ ತರುವ ನಮ್ಮ ಮಾಚಿಪತ್ರೆಯ ಬಳಗದ ಸೊಪ್ಪಿನಿಂದ ಮಾಡಿದ್ದು. ವಾಸನೆ ಸೀರೆಯಲ್ಲಿ ಎರಡು ದಿನ ಇತ್ತು. ಉಬ್ಬಸವಿರುವವರು ಇದನ್ನು ಮೊದಲೇ ಬೇಡವೆನ್ನುವುದು ಒಳ್ಳೆಯದು.

ಇದೆಲ್ಲ ನಿಜವಾಗಿ ಕೆಲಸ ಮಾಡುತ್ತದೆಯೇ? ಕೇಂದ್ರ ಸರ್ಕಾರದ ಆರೋಗ್ಯ ಸಚಿವಾಲಯವು 2019ರಲ್ಲಿ ಸೂಜಿ ಚಿಕಿತ್ಸೆಯನ್ನು ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ 361 ಬಿಂದುಗಳ ಸ್ಥಾನಗಳನ್ನು ಒಪ್ಪಿತ ಮಾನಕ್ಕೆ ತಂದಿದೆ. ಇವೆರಡೂ ಸ್ವಾಗತದ ಬಳಿಯ ಕರಪತ್ರದಲ್ಲಿವೆ. ಆದರೆ ಮಾನ್ಯತೆಯೇ ಬೇರೆ, ಪುರಾವೆಯೇ ಬೇರೆ. ಪದೇ ಪದೇ ಬರುವ ಅರೆತಲೆಶೂಲೆಯ ಬಗ್ಗೆ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆಯು ಸೂಜಿ ಚಿಕಿತ್ಸೆಯಿಂದ ತಲೆನೋವಿನ ದಿನಗಳು ಕಡಿಮೆಯಾಗುತ್ತವೆ ಎಂದಿತು. ತಪ್ಪು ಸ್ಥಳದಲ್ಲಿ, ಅಥವಾ ಚುಚ್ಚಿದಂತೆ ನಟಿಸಿ ಮಾಡಿದ ಹುಸಿ ಚಿಕಿತ್ಸೆಗೆ ಹೋಲಿಸಿದಾಗ ಆ ಲಾಭ ಸಣ್ಣದು ಎಂದೂ ಅದೇ ಹೇಳಿತು. ಎಂದರೆ ಸೂಜಿಯ ಪಾಲು ಸ್ವಲ್ಪ, ಮಲಗಿದ ಇಪ್ಪತ್ತೈದು ನಿಮಿಷದ ಪಾಲು ಸ್ವಲ್ಪ, ನಮ್ಮ ನಂಬಿಕೆಯ ಪಾಲು ಸ್ವಲ್ಪ. ‘ವಸಂತದಲ್ಲಿ ಹಾಕಿಸಿಕೊಂಡರೆ ವರ್ಷವಿಡೀ ಯಕೃತ್ತು ಸ್ವಚ್ಛ’ ಎಂಬ ಕರಪತ್ರದ ಕೊನೆಯ ಸಾಲಿಗೆ ಮಾತ್ರ ಯಾವ ಆಧಾರವೂ ನನಗೆ ಸಿಗಲಿಲ್ಲ. ವೈದ್ಯೆಯ ಬಾಯಲ್ಲಿಯೂ ಆ ಮಾತು ಒಮ್ಮೆಯೂ ಬರಲಿಲ್ಲ.

ಕೊಟ್ಟ ಹಣಕ್ಕೆ ಪೂರ್ತಿ ಬೆಲೆ ಸಿಕ್ಕಿದ್ದು ಭಾನುವಾರದ ತರಗತಿಯಲ್ಲಿ. ಅಲ್ಲಿ ಕಲಿಸುವುದು ‘ಬಾದುವಾನ್‌ಜಿನ್’ ಎಂಬ ಎಂಟು ಚಲನೆಗಳ ಹಳೆಯ ಚೀನೀ ವ್ಯಾಯಾಮ. ಎರಡೂ ಕೈಯಿಂದ ಆಕಾಶವನ್ನು ಎತ್ತಿ ಹಿಡಿದಂತೆ ನಿಲ್ಲುವುದು, ಬಿಲ್ಲು ಎಳೆದು ಹದ್ದಿಗೆ ಗುರಿಯಿಡುವುದು, ಹೀಗೆ ಒಂದೊಂದಕ್ಕೂ ಒಂದು ಚಿತ್ರವಿದೆ. ನೆಲದ ಮೇಲೆ ಕೂರುವುದಾಗಲಿ ಮಲಗುವುದಾಗಲಿ ಇಲ್ಲ, ಮೊಣಕಾಲು ನೋವಿನವರಿಗೂ ಸಲೀಸು, ಸೀರೆಯುಟ್ಟೇ ಮಾಡಬಹುದು. ಅದರಲ್ಲಿ ಒಂದು ಚಲನೆ ಯಕೃತ್ತಿಗಾಗಿಯೇ ಇದೆ: ಕುದುರೆಯ ಮೇಲೆ ಕುಳಿತಂತೆ ಕಾಲಗಲಿಸಿ ನಿಂತು, ಮುಷ್ಟಿ ಬಿಗಿದು ಮೆಲ್ಲಗೆ ಮುಂದೆ ಚಾಚುತ್ತ, ಕಣ್ಣನ್ನು ಅಗಲವಾಗಿ ತೆರೆದು ಕೆಕ್ಕರಿಸಿ ನೋಡಬೇಕು. ಮೂವತ್ತೊಂಬತ್ತು ಮಕ್ಕಳ ತರಗತಿಯಲ್ಲಿ ಇಪ್ಪತ್ತಾರು ವರ್ಷ ಕೆಕ್ಕರಿಸಿ ನೋಡಿದ ನನಗೆ, ಅದನ್ನೇ ಆರೋಗ್ಯದ ಹೆಸರಿನಲ್ಲಿ ಮಾಡಿಸುತ್ತಾರೆಂದು ತಿಳಿದಾಗ ಆದ ಆನಂದವನ್ನು ಹೇಳಲಾರೆ. ತರಗತಿಯ ಶಿಕ್ಷಕ ತರುಣ, ತಾಳ್ಮೆಯವನು. ‘ಅಕ್ಕಾರ, ಭುಜ ಮ್ಯಾಲ ಎತ್ತಬ್ಯಾಡ್ರಿ, ಸಡಿಲ ಬಿಡ್ರಿ’ ಎಂದು ಹತ್ತು ಸಲ ಹೇಳಿದರೂ ದನಿ ಏರಿಸಲಿಲ್ಲ. ಉತ್ತರಪತ್ರಿಕೆ ತಿದ್ದುವಾಗ ನನ್ನ ಭುಜಗಳು ಕಿವಿಯ ಹತ್ತಿರ ಏರಿರುತ್ತವೆ ಎಂಬುದು ನನಗೆ ಗೊತ್ತಾದದ್ದೇ ಅವನಿಂದ.

‘ಹುವಾಂಗ್‌ದಿ ನೇಯ್‌ಜಿಂಗ್’ ಎಂಬ ಅವರ ಮೂಲಗ್ರಂಥ ವಸಂತದ ಮೂರು ತಿಂಗಳಿಗೆ ಹೇಳುವ ನಡವಳಿಕೆಯೂ ಇದಕ್ಕೆ ಹೊಂದುತ್ತದೆ: ಬೇಗ ಏಳಬೇಕು, ಅಂಗಳದಲ್ಲಿ ಉದ್ದ ಹೆಜ್ಜೆಯಿಟ್ಟು ಅಡ್ಡಾಡಬೇಕು, ಕೂದಲು ಬಿಚ್ಚಬೇಕು, ಬಟ್ಟೆ ಸಡಿಲವಾಗಿರಬೇಕು, ಕೊಡಬೇಕೇ ಹೊರತು ಕಸಿಯಬಾರದು, ಮೆಚ್ಚಬೇಕೇ ಹೊರತು ದಂಡಿಸಬಾರದು. ಬೆಳಿಗ್ಗೆ ಗೋಳಗುಮ್ಮಟದ ಉದ್ಯಾನದಲ್ಲಿ ಅಡ್ಡಾಡುವವರ ಗುಂಪಿಗೆ ನಾನೂ ಸೇರಿಕೊಂಡೆ. ಹೆಜ್ಜೆಗಳನ್ನು ಉದ್ದ ಮಾಡಿದೆ. ಕೂದಲು ಬಿಚ್ಚಲಿಲ್ಲ, ಹಳೆಯ ವಿದ್ಯಾರ್ಥಿಗಳು ಎದುರಾಗುವ ಊರು ಇದು. ದಂಡಿಸಬಾರದೆಂಬ ಸಾಲನ್ನು ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳಿಗೆ ಅನ್ವಯಿಸಬೇಕೇ ಎಂದು ಸ್ವಲ್ಪ ಯೋಚಿಸಿದ್ದು ನಿಜ.

ಇನ್ನು ಆಹಾರದ ಪಟ್ಟಿ. ಈ ಯೋಜನೆಯ ಅತ್ಯಂತ ದುರ್ಬಲ ಭಾಗ ಇದೇ, ಮತ್ತು ದುರ್ಬಲವಾಗಿರುವುದಕ್ಕೆ ಕಾರಣ ಚೀನೀ ವೈದ್ಯವಲ್ಲ, ಅದನ್ನು ಹಾಗೆಯೇ ನಕಲು ಮಾಡಿದ ಸೋಮಾರಿತನ. ಚೀನೀ ಪಂಚಾಂಗ ವರ್ಷವನ್ನು ಇಪ್ಪತ್ನಾಲ್ಕು ಸೌರಸಂಧಿಗಳಾಗಿ ಒಡೆಯುತ್ತದೆ. ಸೂರ್ಯನು ಆಕಾಶದ ಪಥದಲ್ಲಿ ಹದಿನೈದು ಡಿಗ್ರಿ ಸರಿದಾಗಲೊಮ್ಮೆ ಒಂದು. 315 ಡಿಗ್ರಿಗೆ ಬಂದಾಗ ‘ಲಿಚುನ್’, ಅಂದರೆ ವಸಂತಾರಂಭ, ಅದೇ ಫೆಬ್ರುವರಿ 4ರ ಸುಮಾರು. ಸೂರ್ಯನ ಸ್ಥಾನ ಬೀಜಿಂಗಿಗೂ ವಿಜಯಪುರಕ್ಕೂ ಒಂದೇ. ಕೆಳಗಿನ ನೆಲ ಒಂದೇ ಅಲ್ಲ. ಆ ದಿನ ಬೀಜಿಂಗಿನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ನಡುನಡುವೆ ಬೆಚ್ಚಗಿನ ಒಂದು ದಿನ ಬಂದು ಮರುದಿನ ಮತ್ತೆ ಕೊರೆಯುವ ಗಾಳಿ ಬೀಸುವ ಅಂಥ ಕಡೆ, ಜಾಕೆಟ್ ತೆಗೆಯಲು ಅವಸರ ಮಾಡಬೇಡಿ ಎಂಬ ಅವರ ಜಾಣಮಾತು ಪ್ರಾಣ ಉಳಿಸುವಂಥದ್ದು. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದೆ, ಮಾರ್ಚ್ ಮುಗಿಯುವ ಹೊತ್ತಿಗೆ ಬಿಸಿಲು 38 ಡಿಗ್ರಿಯ ಆಚೀಚೆ ಸುಡುತ್ತಿರುತ್ತದೆ. ಇಲ್ಲಿ ಶಾಲು ಬೇಕಾಗುವುದು ಬೆಳಗಿನ ಜಾವದ ಬೈಕ್ ಸವಾರರಿಗೆ, ಅದೂ ಮಾಘ ಮುಗಿಯುವವರೆಗೆ.

ತಿನ್ನುವ ವಿಷಯಕ್ಕೆ ಬಂದರೆ ಪಟ್ಟಿ ಬಿದಿರಿನ ಕಳಲೆ, ಚೀನೀ ಬೆಳ್ಳುಳ್ಳಿ ಹುಲ್ಲು, ಕೆಂಪು ಖರ್ಜೂರ, ಗೋಜಿ ಎಂಬ ಒಣಗಿಸಿದ ಸಣ್ಣ ಕೆಂಪು ಹಣ್ಣು ಎನ್ನುತ್ತದೆ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲಿ ಇವನ್ನು ಕೇಳಿದರೆ ಕಾಯಿಪಲ್ಯ ಮಾರುವ ಅಮ್ಮ ನಮ್ಮ ಮುಖವನ್ನೇ ನೋಡುತ್ತಾಳೆ. ಆದರೆ ತತ್ತ್ವ ಹಿಡಿದು ಹೋದರೆ ಎಲ್ಲದಕ್ಕೂ ಇಲ್ಲಿಯೇ ಉತ್ತರವಿದೆ. ವಸಂತದಲ್ಲಿ ತಿನ್ನಬೇಕಾದದ್ದು ಮೇಲಕ್ಕೆ ಚಿಗುರುವ ಗುಣದ ಎಳೆಯ ಹಸಿರು ಮತ್ತು ಮೊಳಕೆ ಎಂಬುದು ಅವರ ತರ್ಕ. ಹಾಗಿದ್ದರೆ ಉಳ್ಳಾಗಡ್ಡಿ ತಪ್ಪಲು, ಮೆಂತ್ಯೆ, ರಾಜಗಿರಿ, ರೊಟ್ಟಿಯ ಜೊತೆ ಹಸಿಯಾಗಿ ಕಡಿಯುವ ಹಕ್ಕರಕಿ, ಮೊಳಕೆಯೊಡೆದ ಹೆಸರು ಮತ್ತು ಮಡಿಕೆಕಾಳು ಏತಕ್ಕಾಗದು? ಅವರ ಕೆಂಪು ಖರ್ಜೂರ ಎಂಬುದು ಖರ್ಜೂರವೇ ಅಲ್ಲ, ನಮ್ಮ ಬಾರಿಹಣ್ಣಿನ ದಾಯಾದಿ. ನಮ್ಮ ಜಿಲ್ಲೆಯಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ತುಂಬಿ ತುಳುಕುವ ಕಾಲದಲ್ಲಿ ದೂರದ ಗೋಜಿ ಹಣ್ಣಿಗೆ 100 ಗ್ರಾಮಿಗೆ ಕೇಳಿದಷ್ಟು ಕೊಡುವುದು ನನಗಂತೂ ಒಪ್ಪಿತವಲ್ಲ. ಅಲ್ಲದೆ ವಾರ್ಫರಿನ್ ಎಂಬ ರಕ್ತ ತೆಳುವಾಗಿಸುವ ಔಷಧದ ಜೊತೆ ಗೋಜಿ ಸೇರಿ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಪಟ್ಟಿಯಲ್ಲಿ ಆ ಎಚ್ಚರಿಕೆಯೇ ಇಲ್ಲ.

ಪಟ್ಟಿಯ ನಡುವಿನ ಒಂದು ಸಾಲು ಮಾತ್ರ ಚರ್ಚೆಗೆ ಯೋಗ್ಯವಾಗಿತ್ತು: ‘ಹುಳಿ ಕಡಿಮೆ ಮಾಡಿ, ಸಿಹಿ ಹೆಚ್ಚು ಮಾಡಿ.’ ಇದು ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊನ ಮಾತು. ಹುಳಿ ಯಕೃತ್ತಿಗೆ ಹೋಗುವ ರುಚಿ; ವಸಂತದಲ್ಲಿ ಯಕೃತ್ತು ತಾನಾಗಿಯೇ ಬಲವಾಗಿರುತ್ತದೆ; ಅದಕ್ಕೆ ಇನ್ನೂ ಹುಳಿ ಸೇರಿಸಿದರೆ ಮರವು ಮಣ್ಣನ್ನು ಮೀರಿ, ಮಣ್ಣಿನ ಅಂಗವೂ ಜೀರ್ಣಶಕ್ತಿಯ ಆಸನವೂ ಆದ ಪ್ಲೀಹವನ್ನು ಹಿಂಡುತ್ತದೆ; ಆದ್ದರಿಂದ ಮಣ್ಣಿನ ರುಚಿಯಾದ ಸಿಹಿಯಿಂದ ಪ್ಲೀಹವನ್ನು ಕಾಯಬೇಕು. ಆಯುರ್ವೇದದ ಋತುಚರ್ಯೆಯೂ ವಸಂತದಲ್ಲಿ ಹುಳಿ ಬೇಡವೆನ್ನುತ್ತದೆ, ಆದರೆ ಚಳಿಗಾಲದಲ್ಲಿ ಸಂಗ್ರಹವಾದ ಕಫ ಕರಗುವ ಕಾಲವಾದ್ದರಿಂದ ಸಿಹಿಯೂ ಜಿಡ್ಡೂ ಹಗಲುನಿದ್ದೆಯೂ ಬೇಡವೆನ್ನುತ್ತದೆ. ಎರಡು ಹಳೆಯ ಶಾಸ್ತ್ರಗಳು ಹುಳಿಯಲ್ಲಿ ಕೈಕುಲುಕಿ ಸಿಹಿಯಲ್ಲಿ ಬೇರೆಯಾಗುತ್ತವೆ. ಇದನ್ನು ಕೇಳಿದಾಗ ವೈದ್ಯೆ, ಚೀನೀಯರು ‘ಸಿಹಿ’ ಎನ್ನುವುದು ಸಕ್ಕರೆಯನ್ನಲ್ಲ, ಅಗಿದಂತೆ ಸಿಹಿಯಾಗುವ ಧಾನ್ಯ, ಗೆಣಸು, ಗಜ್ಜರಿಗಳನ್ನು ಎಂದು ಬಿಡಿಸಿ ಹೇಳಿದರು. ಆ ಲೆಕ್ಕದಲ್ಲಿ ನಮ್ಮ ಜೋಳದ ರೊಟ್ಟಿಯೇ ಸಿಹಿ. ಆದರೆ ಪಟ್ಟಿಯಲ್ಲಿ ಬರಿಯ ‘ಸಿಹಿ ಹೆಚ್ಚು ಮಾಡಿ’ ಎಂದಿದೆ; ಕಾಯುವ ಕೋಣೆಯಲ್ಲಿ ಕುಳಿತವರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ನಮ್ಮ ಸಾಲಿನಲ್ಲಿದ್ದ ಒಬ್ಬ ಕಾಕಾ ಅದನ್ನು ಓದಿ, ‘ಡಾಕ್ಟರ್ರೇ ಬರದಾರ, ಇನ್ನ ಮನ್ಯಾಗ ಯಾರೂ ಅನ್ನಂಗಿಲ್ಲ’ ಎಂದು ಹೋಳಿಗೆಯ ಕನಸು ಕಂಡದ್ದನ್ನು ನಾನೇ ಕೇಳಿದ್ದೇನೆ.

ಹುಳಿಯನ್ನು ಬಿಡುವುದೂ ಇಲ್ಲಿ ಸುಲಭವಲ್ಲ. ಲಿಂಬೆಗೆ ಹೆಸರಾದ ಇಂಡಿ ನಮ್ಮ ಜಿಲ್ಲೆಯ ತಾಲ್ಲೂಕು. ಪುಂಡಿಪಲ್ಯ ನಮ್ಮ ವಾರದ ಊಟ. ಫಾಲ್ಗುಣದ ಬಿಸಿಲಿನಲ್ಲಿ ಬೆವರಿ ಬಂದವರಿಗೆ ಮಜ್ಜಿಗೆ, ಲಿಂಬೆ ಶರಬತ್ತು ಬೇಡವೆಂದರೆ ಮತ್ತೇನು ಕೊಡಬೇಕು? ನಾನು ಪುಂಡಿಪಲ್ಯವನ್ನು ಆರು ವಾರ ಬಿಟ್ಟೆ, ಮಜ್ಜಿಗೆಯನ್ನು ಬಿಡಲಿಲ್ಲ. ಯುಗಾದಿಯ ಬೇವಿನ ಬಗ್ಗೆಯೂ ಮುಂಚಿತವಾಗಿಯೇ ಕೇಳಿದೆ, ನಮ್ಮ ಕಡೆಯ ಬೇವು ಹುಣಸೆ, ಬೆಲ್ಲ, ಪುಠಾಣಿ, ಮಾವಿನಕಾಯಿ ಹಾಕಿ ಕದಡಿದ ಪಾನಕವಲ್ಲವೇ. ‘ವರ್ಷಕ್ಕ ಒಂದ್ ಲೋಟಾ ಕುಡದ್ರ ಯಾವ ಯಕೃತ್ತೂ ಸಿಟ್ಟಾಗಂಗಿಲ್ರಿ ಟೀಚರ್, ನಮ್ಮನ್ಯಾಗೂ ಕುಡೀತೀವಿ’ ಎಂದರು. ಇಂಥ ವೈದ್ಯೆ ಇರುವ ಕಡೆ ಅಂಥ ಪಟ್ಟಿ ಏಕಿದೆ ಎಂಬುದೇ ನನ್ನ ಪ್ರಶ್ನೆ.

ಹೂವಿನ ಚಹಾ ಎಂದರೆ ಒಣಗಿದ ಸೇವಂತಿಗೆ ಹೂವು, ಜೊತೆಗೆ ಸ್ವಲ್ಪ ಗೋಜಿ. ಕಣ್ಣಿನ ಉರಿಗೆ, ತಲೆಗೇರಿದ ಕಾವಿಗೆ ಚೀನಾದಲ್ಲಿ ಇದು ಮನೆಮದ್ದು. ರುಚಿ ಸಪ್ಪೆ, ವಾಸನೆ ಮಂಗಳವಾರದ ದೇವರಮನೆಯದು. ನನಗೆ ಕಾಂಗ್ರೆಸ್ ಕಸದ ಅಲರ್ಜಿ ಇದೆ. ಆ ಪಾರ್ಥೇನಿಯಂ ಗಿಡವೂ ಸೇವಂತಿಗೆಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು, ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದೂ ತುರಿಕೆ ತರಬಲ್ಲದು. ಕಾಂಗ್ರೆಸ್ ಕಸ ಬೆಳೆಯದ ಬದುವೇ ಇಲ್ಲದ ನಮ್ಮ ಸೀಮೆಯಲ್ಲಿ, ಪೊಟ್ಟಣ ಕೊಡುವ ಮುಂಚೆ ಈ ಒಂದು ಪ್ರಶ್ನೆಯನ್ನು ಕೇಳಲೇಬೇಕಿತ್ತು. ಕೌಂಟರಿನಲ್ಲಿ ಯಾರೂ ಕೇಳಲಿಲ್ಲ. ಎರಡನೆಯ ಲೋಟಕ್ಕೆ ತುಟಿ ತುರಿಸಿತು, ನಿಲ್ಲಿಸಿದೆ. ವೈದ್ಯೆಗೆ ತಿಳಿಸಿದಾಗ ಅವರು ಕ್ಷಮೆ ಕೇಳಿ, ನನ್ನ ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡರು. ಕಣ್ಣಿನ ತುರಿಕೆಗೆ ಕೊನೆಗೆ ನನಗೆ ಗುಣ ಕೊಟ್ಟದ್ದು ಕಣ್ಣಿನ ವೈದ್ಯರು ಬರೆದ ಅಲರ್ಜಿಯ ಹನಿಗಳು. ಅವರ ಬಳಿ ಹೋಗಲು ಒತ್ತಾಯಿಸಿದ್ದು ಈ ವೈದ್ಯೆಯೇ.

ಈಗ ಕೌಂಟರಿನ ಪುಡಿಯ ವಿಷಯ. ನಾಲ್ಕನೆಯ ಭೇಟಿಯ ನಂತರ ಸ್ವಾಗತದವನು ‘ಯಕೃತ್ ಶುದ್ಧಿ’ ಎಂಬ ಪುಡಿಯ ಡಬ್ಬಿಯೊಂದನ್ನು 1,200 ರೂಪಾಯಿಗೆ ಕೊಳ್ಳಲು ಹೇಳಿದ, ವಸಂತದ ಚಿಕಿತ್ಸೆ ಅದಿಲ್ಲದೆ ಅಪೂರ್ಣವಂತೆ. ಡಬ್ಬಿಯ ಮೇಲೆ ಚೀನೀ ಅಕ್ಷರಗಳು, ಮೇಲೆ ಅಂಟಿಸಿದ ಬಣ್ಣದ ಚೀಟಿ. ಏನೇನು ಬೆರೆತಿದೆ, ಯಾರು ತಯಾರಿಸಿದರು, ಪರವಾನಗಿ ಸಂಖ್ಯೆ ಯಾವುದು, ಯಾವುದೂ ಇಲ್ಲ. ಚೀನೀ ಮೂಲಿಕೆಗಳೆಲ್ಲ ನಿರುಪದ್ರವಿ ಎಂಬುದು ತಪ್ಪು ಕಲ್ಪನೆ. ಕೂದಲು ಕಪ್ಪಾಗಲು, ಯಕೃತ್ತಿನ ಬಲಕ್ಕೆ ಎಂದು ಕೊಡುವ ‘ಹೆ ಶೌ ವು’ ಎಂಬ ಬೇರಿನಿಂದಲೇ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳಿವೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯೊಳಗೆ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಕ್ ಆಮ್ಲವಿದ್ದ ಇನ್ನೊಂದು ಸೇರಿ ಅನೇಕ ಹೆಂಗಸರ ಮೂತ್ರಪಿಂಡಗಳು ಹಾಳಾದವು. ವಿವರ ಬರೆಯದ ಪುಡಿಯನ್ನು ಕೊಳ್ಳುವುದಿಲ್ಲವೆಂದೆ. ಮರುವಾರ ವೈದ್ಯೆಯನ್ನು ಕೇಳಿದರೆ, ಅದು ತಮ್ಮ ಸಲಹೆಯಲ್ಲವೆಂದೂ ಆಡಳಿತದವರು ತಂದಿಟ್ಟದ್ದೆಂದೂ ಮುಖ ಬಾಡಿಸಿಕೊಂಡು ಹೇಳಿದರು. ಡಬ್ಬಿಗಳು ಮಾತ್ರ ಆರನೆಯ ವಾರದವರೆಗೂ ಅಲ್ಲಿಯೇ ಇದ್ದವು. ಈ ಕೇಂದ್ರಕ್ಕೆ ನಾನು ಪೂರ್ಣ ಅಂಕ ಕೊಡದಿರಲು ಇದೊಂದೇ ಸಾಕು. ಶಾಲೆಯ ಕರ್ತವ್ಯದಿಂದಾಗಿ ನನಗೆ ತಪ್ಪಿಹೋದ ಎರಡು ಸರದಿಗಳ ಹಣವನ್ನು ಮರಳಿಸುವುದಿಲ್ಲವೆಂದು ಮೊದಲು ಹೇಳಿ, ವಾದಿಸಿದ ಮೇಲೆ ಬೇರೆ ದಿನ ಕೊಟ್ಟದ್ದು ಅದರ ಮುಂದೆ ಸಣ್ಣ ಸಂಗತಿ.

ಫಲಿತಾಂಶ ಕೇಳಿದರೆ, ವಾರಕ್ಕೆ ಮೂರು ಸಲ ಬರುತ್ತಿದ್ದ ತಲೆನೋವು ಐದನೆಯ ವಾರದ ಹೊತ್ತಿಗೆ ಒಂದಕ್ಕೆ ಇಳಿಯಿತು, ಕುತ್ತಿಗೆ ಎರಡೂ ಕಡೆ ತಿರುಗುತ್ತದೆ, ನಿದ್ದೆ ಸುಧಾರಿಸಿದೆ. ಆದರೆ ಉತ್ತರಪತ್ರಿಕೆಗಳು ನಾಲ್ಕನೆಯ ವಾರದಲ್ಲಿಯೇ ಮುಗಿದಿದ್ದವು, ಕಣ್ಣಿನ ವೈದ್ಯರು ಹನಿಗಳ ಜೊತೆ ಕನ್ನಡಕದ ನಂಬರನ್ನೂ ಬದಲಿಸಿದ್ದರು, ಬೆಳಗಿನ ನಡಿಗೆ ಹೊಸದಾಗಿ ಸೇರಿತ್ತು. ಒಂದು ಪ್ರಯೋಗದಲ್ಲಿ ನಾಲ್ಕು ಅಂಶಗಳನ್ನು ಒಟ್ಟಿಗೆ ಬದಲಿಸಿದರೆ ಫಲಕ್ಕೆ ಕಾರಣ ಯಾವುದೆಂದು ಹೇಳಲಾಗದು ಎಂದು ಎಂಟನೆಯ ತರಗತಿಗೆ ಕಲಿಸುವವಳು ನಾನೇ. ಸಿಟ್ಟಿನ ಬಗ್ಗೆ ಮನೆಯವರು ಇನ್ನೂ ತೀರ್ಪು ಕೊಟ್ಟಿಲ್ಲ.

ಹಾಗಾಗಿ ಯಾರಾದರೂ ಕೇಳಿದರೆ, ಪೂರ್ತಿ ಯೋಜನೆ ಬೇಡ, ಬಿಡಿಬಿಡಿಯಾಗಿ ತೆಗೆದುಕೊಳ್ಳಿ ಎನ್ನುತ್ತೇನೆ. ಸೂಜಿ ಚಿಕಿತ್ಸೆಗೆ ಒಂದು ಸಲಕ್ಕೆ 500 ರೂಪಾಯಿ, ಭಾನುವಾರದ ತರಗತಿಗೆ ಬೇರೆಯಾಗಿ ತಿಂಗಳಿಗೆ 400. ಸಂಜೆ ಐದರ ನಂತರ ಹೋದರೆ ಕಾಯುವುದು ಕಡಿಮೆ. ಮೆಟ್ಟಿಲುಗಳಿವೆ, ಲಿಫ್ಟ್ ಇಲ್ಲ. ಮೊಣಕಾಲು ನೋವಿಗೆ ಚಿಕಿತ್ಸೆ ಕೊಡುವ ಕಡೆ ಇದು ಸೋಜಿಗವೇ.

ಕೊನೆಯ ದಿನ ಪಟ್ಟಿಯ ಬಗ್ಗೆ ನನ್ನ ತಕರಾರುಗಳನ್ನೆಲ್ಲ ಕೇಳಿಸಿಕೊಂಡ ವೈದ್ಯೆ, ಒಂದು ಬಿಳಿಯ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿ, ‘ಹಂಗಿದ್ರ ನೀವ ಬರದ್ ಕೊಡ್ರಿ’ ಎಂದರು. ಕುಳಿತು ಬರೆದೆ: ಮೆಂತ್ಯೆ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲು, ಮೊಳಕೆಕಾಳು, ಜೋಳದ ರೊಟ್ಟಿ, ನಾಲ್ಕು ಒಣದ್ರಾಕ್ಷಿ, ಸಕ್ಕರೆ ಕಾಯಿಲೆ ಇದ್ದವರಿಗೆ ಅದೂ ಬೇಡ, ನೀರುಮಜ್ಜಿಗೆ ಇರಲಿ. ಅವರು ಎರಡು ಕಡೆ ತಿದ್ದಿ ಸಹಿ ಹಾಕಿದರು. ಮೊನ್ನೆ ಭಾನುವಾರದ ತರಗತಿಗೆ ಹೋದಾಗ ಆ ಹಾಳೆ ಅಚ್ಚಾಗಿ ಗೋಡೆಗೆ ಬಂದಿತ್ತು. ಹಳೆಯ ಪಟ್ಟಿಯ ಮೇಲೆಯೇ ಅಂಟಿಸಿದ್ದಾರೆ, ಅಳತೆ ಸ್ವಲ್ಪ ಸಣ್ಣದಾಗಿದೆ. ಕೆಳಗಿನಿಂದ ‘ಕುತ್ತಿಗೆಗೆ ಶಾಲು ಸುತ್ತಿಕೊಂಡೇ ಹೊರಗೆ ಹೋಗಿ’ ಎಂಬ ಸಾಲು ಹಾಗೆಯೇ ಇಣುಕುತ್ತಿದೆ.